ಮೊದಲ ಏರ್‌ಬ್ರಶ್ ಸೆಟ್: ಗನ್ನಿಗಿಂತ ಮುಂಚೆ ಗಾಳಿ ನೋಡಿ

ಸ್ಪ್ರೇ ಪೇಂಟಿಂಗ್ ಸಾಮಾನು ಕೊಳ್ಳಲು ಹೊರಟ ಹೊಸಬರ ಕಣ್ಣು ಮೊದಲು ಬೀಳುವುದು ಬಣ್ಣ ಚಿಮ್ಮಿಸುವ ಗನ್ನಿನ ಮೇಲೆ. ಕ್ರೋಮಿನ ಹೊಳಪು, 0.2 ಮಿ.ಮೀ. ಸೂಜಿ, ಬ್ರ್ಯಾಂಡಿನ ಹೆಸರು ಎಂದು ವಾರಗಟ್ಟಲೆ ಅಳೆದು ತೂಗಿ, ಕೊನೆಗೆ ಉಳಿದ ದುಡ್ಡಿಗೆ ಸಿಕ್ಕ ಕಂಪ್ರೆಸರ್ (ಗನ್ನಿಗೆ ಗಾಳಿ ಒತ್ತಿ ಕೊಡುವ ಯಂತ್ರ) ತರುತ್ತಾರೆ. ಇದು ತಿರುಗುಮುರುಗು. ಗಾಳಿ ಚೆನ್ನಾಗಿದ್ದರೆ ಸಾಧಾರಣ ಗನ್ನೂ ಒಪ್ಪವಾಗಿ ಕೆಲಸ ಮಾಡುತ್ತದೆ. ಗಾಳಿಯೇ ಏರಿಳಿಯುತ್ತಾ, ನೀರು ಬೆರೆತು ಬರುತ್ತಿದ್ದರೆ ಎಂಥ ಗನ್ನೂ ಉಗುಳುತ್ತಲೇ ಇರುತ್ತದೆ, ತಪ್ಪು ತಮ್ಮ ಕೈಯದೆಂದು ಹೊಸಬರು ಅಂದುಕೊಳ್ಳುತ್ತಾರೆ. ಹಾಗಾಗಿ ಈ ವಿಮರ್ಶೆಯಲ್ಲಿ ಗನ್ನಿಗೆ ಎಷ್ಟು ಜಾಗವೋ ಕಂಪ್ರೆಸರಿಗೂ ಅಷ್ಟೇ ಜಾಗ.

ಯಾವುದಕ್ಕೆ ಹೊಡೆಯುತ್ತೀರಿ?

ಅಂಗೈಯಲ್ಲಿ ಹಿಡಿಯುವ ಮಾಡೆಲ್ಲೋ, ಹೆಲ್ಮೆಟ್ಟೋ, ಕುರ್ಚಿಯೋ ಎಂಬುದರ ಮೇಲೆ ಮುಕ್ಕಾಲು ಆಯ್ಕೆ ನಿಂತಿದೆ.

ಎರಡು ಮೂರು ತಿಂಗಳಿಗೊಮ್ಮೆ ಒಂದು ವಸ್ತುವಿಗೆ ಒಂದೇ ಬಣ್ಣ ಹೊಡೆಯುವವರಿಗೆ ಸ್ಪ್ರೇ ಕ್ಯಾನ್ ಸಾಕು, ಯಂತ್ರದ ಗೊಡವೆಯೇ ಬೇಡ. ಒಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೆ ಪೂರ್ತಿ ಎರಡು ನಿಮಿಷ ಕುಲುಕಿ, 20ರಿಂದ 30 ಸೆಂ.ಮೀ. ದೂರ ಹಿಡಿದು, ವಸ್ತುವಿನ ಈಚೆ ಅಂಚಿಗೆ ಬರುವ ಮೊದಲೇ ಒತ್ತಿ, ಆಚೆ ಅಂಚು ದಾಟಿದ ಮೇಲೆ ಬಿಟ್ಟರೆ ಕ್ಯಾನ್ ಕೂಡ ನುಣುಪಾದ ಕೋಟ್ ಕೊಡುತ್ತದೆ. ಹೊಡೆಯುತ್ತಾ ಹೋದಂತೆ ಒಳಗಿನ ದ್ರವರೂಪದ ಅನಿಲ ಆವಿಯಾಗಿ ಡಬ್ಬಿ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ, ಹನಿ ದಪ್ಪವಾಗುತ್ತದೆ. ಕೈಗೆ ಬೆಚ್ಚಗೆನಿಸುವ ನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಸರಿಹೋಗುತ್ತದೆ. ಕುದಿಯುವ ನೀರು, ಹೀಟರ್ ಎರಡೂ ಬೇಡ; 50 ಡಿಗ್ರಿ ದಾಟಿಸಬಾರದೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಕ್ಯಾನಿನ ಕೊರತೆ ಏನೆಂದರೆ, ಬಣ್ಣ ಬೆರೆಸುವಂತಿಲ್ಲ, ಒತ್ತಡ ಬದಲಿಸುವಂತಿಲ್ಲ, ಸಣ್ಣ ಗೆರೆ ಎಳೆಯುವಂತಿಲ್ಲ.

ಕುರ್ಚಿ, ಕಪಾಟು, ಬೇಲಿಗಳಿಗೆ ಪ್ಲಗ್ ಹಾಕಿದರೆ ಓಡುವ, ಗಾಳಿ ಊದುವ ಟರ್ಬೈನ್ ಜೊತೆಗೇ ಇರುವ ಕೈಗನ್ನು ಬರುತ್ತದೆ. ಅದರ ನಾಜಲ್ (ಬಣ್ಣ ಹೊರಬರುವ ತೂತಿನ ಮೂತಿ) 1.8ರಿಂದ 2.6 ಮಿ.ಮೀ. ಆಸುಪಾಸು. ಜೊತೆಗೆ ಕೊಡುವ ತೂತಿನ ಲೋಟ ಆಟಿಕೆಯಲ್ಲ, ಬಣ್ಣ ಎಷ್ಟು ಹೊತ್ತಿಗೆ ಸೋರಿ ಮುಗಿಯುತ್ತದೆ ಎಂದು ನೋಡಿ ತೆಳುವು ಅಳೆಯಲು ಕೊಟ್ಟದ್ದು. ಅದನ್ನು ಪಕ್ಕಕ್ಕೆಸೆದು ಡಬ್ಬಿಯ ದಪ್ಪ ಬಣ್ಣವನ್ನೇ ಸುರಿದವರಿಗೆ ಗನ್ನು ಗಡ್ಡೆಗಡ್ಡೆ ಕಾರುತ್ತದೆ. ದೊಡ್ಡ ಮೇಲ್ಮೈಗೆ ಇದು ಒಳ್ಳೆಯ ಸಾಧನ. ಅಂಗೈಯಗಲದ ಮಾಡೆಲ್ಲಿಗೆ ಹೊಡೆದರೆ ಬಣ್ಣದಲ್ಲಿ ಅದ್ದಿ ತೆಗೆದಂತಾಗುತ್ತದೆ.

ಹೆಲ್ಮೆಟ್, ಸೈಕಲ್ ಫ್ರೇಮ್, ಗಿಟಾರ್ ಅಳತೆಯವಕ್ಕೆ ಸಣ್ಣ ಸ್ಪ್ರೇ ಗನ್, ಅಂದರೆ 0.8ರಿಂದ 1.0 ಮಿ.ಮೀ. ನಾಜಲಿನ ಟಚ್‌ಅಪ್ ಗನ್ ಸೂಕ್ತ. ಇಲ್ಲಿಯೇ ಹೊಸಬರು ಹೆಚ್ಚು ಮೋಸಹೋಗುವುದು. ಎಚ್‌ವಿಎಲ್‌ಪಿ (ಹೈ ವಾಲ್ಯೂಮ್, ಲೋ ಪ್ರೆಶರ್) ಎಂದು ಬರೆದದ್ದನ್ನು ನೋಡಿ 'ಕಡಿಮೆ ಒತ್ತಡ ತಾನೇ, ಸಣ್ಣ ಕಂಪ್ರೆಸರ್ ಸಾಕು' ಎಂದುಕೊಳ್ಳುತ್ತಾರೆ. ಒತ್ತಡ ಕಡಿಮೆ ನಿಜ, ಗಾಳಿ ಹೊರಬರುವ ಏರ್ ಕ್ಯಾಪಿನಲ್ಲಿ 10 ಪಿಎಸ್‌ಐ (ಒತ್ತಡದ ಅಳತೆ) ಮೀರುವುದಿಲ್ಲ. ಆದರೆ ಆ ಹೆಸರಿನ ಮೊದಲರ್ಧ ಹೇಳುವುದೇ ಗಾಳಿಯ ಪ್ರಮಾಣ ಹೆಚ್ಚು ಎಂದು. ದೊಡ್ಡ ಎಚ್‌ವಿಎಲ್‌ಪಿ ಗನ್ನು ನಿಮಿಷಕ್ಕೆ 8 ಘನ ಅಡಿ ಕೇಳಿದರೆ ಅದು ಸುಮಾರು 226 ಲೀಟರ್. ಏರ್‌ಬ್ರಶ್ಶಿನ, ಅಂದರೆ ಪೆನ್ನಿನಂತೆ ಹಿಡಿಯುವ ಸಣ್ಣ ಗನ್ನಿನ, ಪುಟ್ಟ ಕಂಪ್ರೆಸರ್ ಕೊಡುವುದು ನಿಮಿಷಕ್ಕೆ 20 ಲೀಟರ್ ಚಿಲ್ಲರೆ. ಸುಮಾರು ಹತ್ತನೇ ಒಂದು ಪಾಲಷ್ಟೇ ಸಿಕ್ಕುತ್ತದೆ. ಟಚ್‌ಅಪ್ ಗನ್ನಿಗೆ ಅಷ್ಟು ಬೇಡ, ಆದರೂ ಅದಕ್ಕೆ 24 ಲೀಟರ್ ಅಥವಾ ಇನ್ನೂ ದೊಡ್ಡ ಟ್ಯಾಂಕಿನ ಗ್ಯಾರೇಜ್ ಕಂಪ್ರೆಸರ್ ಬೇಕು, ಅದರ ಸದ್ದಿಗೆ ಮನೆಯವರ ಒಪ್ಪಿಗೆಯೂ ಬೇಕು.

ಸ್ಕೇಲ್ ಮಾಡೆಲ್, ಚಿಕ್ಕ ಬೊಂಬೆ, ಸಣ್ಣ ಅಲಂಕಾರಿಕ ವಸ್ತು, ಚಿತ್ರ, ಇಷ್ಟು ನಿಮ್ಮ ಹವ್ಯಾಸವಾದರೆ ಏರ್‌ಬ್ರಶ್ಶೇ ಸರಿ. ಇನ್ನು ಮುಂದಿನದೆಲ್ಲ ಅದರ ಬಗ್ಗೆ.

ಕಂಪ್ರೆಸರ್: ಅಂಕಿ ಓದುವ ಬಗೆ

ಹವ್ಯಾಸಿಗಳ ಮೇಜಿನ ಮೇಲೆ ಹೆಚ್ಚಾಗಿ ಕಾಣುವುದು ಎಎಸ್-186 ಎಂಬ ನಮೂನೆ. ಒಂದೇ ಪಿಸ್ಟನ್, ಎಣ್ಣೆ ಹಾಕುವ ರಗಳೆ ಇಲ್ಲ, ಮೋಟಾರಿನ ಕೆಳಗೆ 3 ಲೀಟರಿನ ಟ್ಯಾಂಕು, ಬದಿಯಲ್ಲಿ ರೆಗ್ಯುಲೇಟರ್ (ಒತ್ತಡ ಹೊಂದಿಸುವ ತಿರುಪು) ಮತ್ತು ವಾಟರ್ ಟ್ರ್ಯಾಪ್ (ಗಾಳಿಯಲ್ಲಿನ ನೀರು ಹಿಡಿಯುವ ಡಬ್ಬಿ). ಒತ್ತಡ 3 ಬಾರ್‌ಗೆ ಇಳಿದಾಗ ತಾನೇ ಶುರುವಾಗಿ 4 ಬಾರ್ ಮುಟ್ಟಿದಾಗ ತಾನೇ ನಿಲ್ಲುತ್ತದೆ. ಬೇರೆ ಬೇರೆ ಹೆಸರಿನ ಚೀಟಿ ಅಂಟಿಸಿಕೊಂಡು ಇದೇ ಯಂತ್ರ ಎಲ್ಲೆಡೆ ಮಾರಾಟವಾಗುತ್ತದೆ, ಹಾಗಾಗಿ ಹೆಸರಿಗೆ ಹೆಚ್ಚು ಕೊಡಬೇಕಾದ್ದಿಲ್ಲ. ಮೊದಲ ಕಂಪ್ರೆಸರಾಗಿ ನಮ್ಮ ಮತ ಇದಕ್ಕೇ.

ಟ್ಯಾಂಕು ಯಾಕೆ ಬೇಕು ಎನ್ನುವುದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ 'ಗಾಳಿ ಶೇಖರಣೆಗೆ'. ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. 3 ಲೀಟರ್ ಟ್ಯಾಂಕು 4 ಬಾರ್‌ನಿಂದ 3 ಬಾರ್‌ಗೆ ಇಳಿಯುವಾಗ ಹೊರಬರುವ ಗಾಳಿ ಬರೀ 3 ಲೀಟರ್. ನಿಮಿಷಕ್ಕೆ 12 ಲೀಟರ್ ಕುಡಿಯುವ ಗನ್ನಿಗೆ ಅದು 15 ಸೆಕೆಂಡಿನ ಊಟ, ಅಷ್ಟರಲ್ಲಿ ಮೋಟಾರು ಮತ್ತೆ ಗುರ್ ಎನ್ನುತ್ತದೆ. ಟ್ಯಾಂಕಿನ ನಿಜವಾದ ಕೆಲಸ ಬೇರೆ: ಪಿಸ್ಟನ್ನಿನ ಒಂದೊಂದು ಬಡಿತವೂ ಗಾಳಿಯನ್ನು ಮಿಡಿಸುತ್ತದೆ, ಟ್ಯಾಂಕು ಆ ಮಿಡಿತವನ್ನು ನುಂಗಿ ಸಮನಾದ ಹರಿವು ಕೊಡುತ್ತದೆ. ಟ್ಯಾಂಕಿಲ್ಲದ ಯಂತ್ರದಲ್ಲಿ ಸಣ್ಣ ಗೆರೆ ಎಳೆದು ನೋಡಿ, ಗೆರೆಯ ಉದ್ದಕ್ಕೂ ದಪ್ಪ-ತೆಳುವಿನ ಅಲೆ ಕಾಣುತ್ತದೆ. ಕೋಟ್ ಹೊಡೆಯುವಾಗ ಇದು ಅಷ್ಟು ಗೊತ್ತಾಗುವುದಿಲ್ಲ, ಗೆರೆಯಲ್ಲಿ ಮುಚ್ಚಿಡಲಾಗುವುದಿಲ್ಲ. ಟ್ಯಾಂಕಿನ ಇನ್ನೊಂದು ಉಪಕಾರ: ಮೋಟಾರಿಗೆ ನಡುನಡುವೆ ಬಿಡುವು ಸಿಕ್ಕಿ ತಲೆಭಾಗ ಕಾಯುವುದು ಕಡಿಮೆ.

ಒತ್ತಡದ ಗಡಿಯಾರ (ಗೇಜ್) ಓದುವುದರಲ್ಲೂ ಒಂದು ಸಣ್ಣ ಗುಟ್ಟಿದೆ. ಟ್ರಿಗರ್ ಬಿಟ್ಟಿದ್ದಾಗ ಮುಳ್ಳು 20 ಪಿಎಸ್‌ಐ ತೋರಿಸುತ್ತಿದ್ದರೆ, ಒತ್ತಿದ ಕೂಡಲೇ ಅದು ನಾಲ್ಕೈದು ಪಿಎಸ್‌ಐ ಇಳಿದುಬಿಡಬಹುದು. ಗನ್ನಿಗೆ ಮುಟ್ಟುವುದು ಆ ಇಳಿದ ಒತ್ತಡ. ಆದ್ದರಿಂದ ಗಾಳಿ ಹರಿಯುತ್ತಿರುವಾಗಲೇ ರೆಗ್ಯುಲೇಟರ್ ತಿರುಗಿಸಿ ಹೊಂದಿಸಿ. 1 ಬಾರ್ ಎಂದರೆ 14.5 ಪಿಎಸ್‌ಐ, ಮಾಡೆಲ್ ಕೆಲಸದ ಬಹುಪಾಲು 15ರಿಂದ 20ರೊಳಗೇ ಮುಗಿಯುತ್ತದೆ. 'ಗರಿಷ್ಠ 100 ಪಿಎಸ್‌ಐ' ಎಂದು ಜಂಬ ಕೊಚ್ಚುವ ಪೆಟ್ಟಿಗೆಯಿಂದ ನಿಮಗೇನೂ ಹೆಚ್ಚುವರಿ ಸಿಗದು. ನೋಡಬೇಕಾದ್ದು ಮೂರು: ನಿಮಿಷಕ್ಕೆ ಎಷ್ಟು ಲೀಟರ್, ರೆಗ್ಯುಲೇಟರ್ 10-15 ಪಿಎಸ್‌ಐಯ ಕೆಳಮಟ್ಟದಲ್ಲಿ ಅಲುಗಾಡದೆ ನಿಲ್ಲುತ್ತದೆಯೇ, ಟ್ಯಾಂಕಿನ ತಳದಲ್ಲಿ ನೀರು ಬಿಡುವ ತಿರುಪು ಇದೆಯೇ.

ನೀರಿನ ಮಾತು ಬಂತು. ಹಿಂಡಿದ ಗಾಳಿ ಬಿಸಿಯಾಗುತ್ತದೆ, ಪೈಪಿನಲ್ಲಿ ಸಾಗುತ್ತಾ ತಣಿಯುತ್ತದೆ, ತಣಿದಾಗ ಅದರಲ್ಲಿದ್ದ ತೇವ ಹನಿಯಾಗುತ್ತದೆ. ಕಂಪ್ರೆಸರಿಗೇ ಅಂಟಿಕೊಂಡ ಟ್ರ್ಯಾಪ್ ದಾಟುವಾಗ ಗಾಳಿ ಇನ್ನೂ ಬಿಸಿಯಾಗಿದ್ದರೆ, ಹನಿಗಟ್ಟುವುದು ಟ್ರ್ಯಾಪ್ ಆದಮೇಲೆ. ಅರ್ಧ ಗಂಟೆ ಸರಿಯಾಗಿ ನಡೆದ ಕೆಲಸದಲ್ಲಿ ಇದ್ದಕ್ಕಿದ್ದಂತೆ ನೀರಿನ ಚುಕ್ಕೆ ಬೀಳಲು ಇದೇ ಕಾರಣ. ತೇವದ ಹವೆಯಿರುವ ದಿನಗಳಲ್ಲಿ ಗನ್ನಿನ ಹಿಡಿಕೆಯ ಕೆಳಗೆ ಸಿಕ್ಕಿಸುವ ಬೆರಳುಗಾತ್ರದ ಎರಡನೆಯ ಟ್ರ್ಯಾಪ್ ಹಾಕಿ, ಪೈಪು 3 ಮೀಟರಿನಷ್ಟು ಉದ್ದವಿರಲಿ. ಕೆಲಸ ಮುಗಿದ ಮೇಲೆ ಟ್ಯಾಂಕಿನ ತಿರುಪು ಸಡಿಲಿಸಿ ನೀರು ಬಸಿಯಿರಿ, ಇಲ್ಲದಿದ್ದರೆ ಟ್ಯಾಂಕಿನ ಒಳಗೋಡೆ ತುಕ್ಕು ಹಿಡಿಯುತ್ತದೆ.

ಬ್ಯಾಟರಿಯಿಂದ ಓಡುವ, ಗನ್ನಿನ ಕೆಳಗೇ ಸಿಕ್ಕಿಸುವ ಲೋಟದ ಗಾತ್ರದ ಕಂಪ್ರೆಸರುಗಳು ಈಗ ಎಲ್ಲೆಲ್ಲೂ. ಪೈಪಿಲ್ಲ, ಸದ್ದು ಕಡಿಮೆ, ಡ್ರಾಯರಿನಲ್ಲಿ ಹಿಡಿಯುತ್ತದೆ. ಆದರೆ ಟ್ಯಾಂಕಿಲ್ಲ, ಒತ್ತಡ ನವಿರಾಗಿ ಹೊಂದಿಸುವ ತಿರುಪು ಹೆಚ್ಚಿನವಲ್ಲಿ ಇಲ್ಲ, ಮಿಡಿತ ನೇರ ಬಣ್ಣಕ್ಕೇ. ಪ್ರೈಮರ್ ಮತ್ತು ಮೊದಲ ಕೋಟಿಗೆ ಪರವಾಗಿಲ್ಲ. ಎರಡನೆಯ ಸಾಧನವಾಗಿ ಇರಲಿ, ಇದರಲ್ಲಿ ಕೈ ಪಳಗಿಸಲು ಹೋಗಬೇಡಿ.

ಗನ್: ನಾಜಲ್ ಕೂರುವ ರೀತಿ ನೋಡಿ

ಮೂರು ಭೇದಗಳು ಗೊತ್ತಿದ್ದರೆ ಸಾಕು. ಸಿಂಗಲ್ ಆಕ್ಷನ್‌ನಲ್ಲಿ ಗುಂಡಿ ಒತ್ತಿದರೆ ಗಾಳಿ ಬರುತ್ತದೆ, ಬಣ್ಣದ ಪ್ರಮಾಣಕ್ಕೆ ಬೇರೆ ತಿರುಪು. ಡ್ಯುಯಲ್ ಆಕ್ಷನ್‌ನಲ್ಲಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದಷ್ಟು ಬಣ್ಣ (ನಾಜಲಿನ ತೂತು ಮುಚ್ಚಿರುವ ಸೂಜಿ ಹಿಂದೆ ಸರಿದಂತೆ ಬಣ್ಣ ಬರುತ್ತದೆ). ಎರಡನೆಯದು ಕಷ್ಟ ಎನ್ನುವ ಹೆದರಿಕೆ ಅನಗತ್ಯ. ಕಾಗದದ ಮೇಲೆ ಎರಡು ಸಂಜೆ ಚುಕ್ಕೆ, ಗೆರೆ, ತಿದ್ದಿದರೆ ಬೆರಳಿಗೆ ಹತ್ತುತ್ತದೆ. ಬಣ್ಣದ ಕಪ್ ಮೇಲಿದ್ದರೆ ಗ್ರಾವಿಟಿ, ಕೆಳಗೆ ಬಾಟಲಿ ಸಿಕ್ಕಿಸಿದರೆ ಸೈಫನ್. ಗ್ರಾವಿಟಿಯಲ್ಲಿ ಬಣ್ಣ ತಾನಾಗಿ ಇಳಿಯುವುದರಿಂದ ಕಡಿಮೆ ಒತ್ತಡ ಸಾಕು, ಐದು ಹನಿ ಬಣ್ಣದಲ್ಲೂ ಕೆಲಸ ಆಗುತ್ತದೆ. ಸೈಫನ್ ಒಂದೇ ಬಣ್ಣವನ್ನು ಬಾಟಲಿಗಟ್ಟಲೆ ಹೊಡೆಯುವವರಿಗೆ. ಮೂರನೆಯದು ಗಾಳಿ-ಬಣ್ಣ ಬೆರೆಯುವ ಜಾಗ: ಒಳಗೆ ಬೆರೆತರೆ ಹನಿ ನವಿರು, ಹೊರಗೆ ಬೆರೆತರೆ ಒರಟು, ಆದರೆ ತೊಳೆಯುವುದು ಸಲೀಸು.

ನಾಜಲ್ ಅಳತೆಯಲ್ಲಿ ಹೊಸಬರ ಆಸೆ ಯಾವಾಗಲೂ 0.2ರ ಕಡೆ. ಚಿಕ್ಕ ತೂತು, ಚಿಕ್ಕ ಗೆರೆ ಎಂಬ ಲೆಕ್ಕ. ನಿಜದಲ್ಲಿ 0.2ರ ತೂತು ಅಕ್ರಿಲಿಕ್ ಬಣ್ಣದಲ್ಲಿ ನಿಮಿಷಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ, ಮೆಟಾಲಿಕ್ ಬಣ್ಣದ ಹರಳು ಸಿಕ್ಕಿಕೊಳ್ಳುತ್ತದೆ, ಪ್ರೈಮರಂತೂ ದೂರದ ಮಾತು. ಗೆರೆಯ ಸಣ್ಣತನ ಬಣ್ಣದ ತೆಳುವು, ಒತ್ತಡ, ಕೈಯ ದೂರ ಇವುಗಳಿಂದ ಬರುವುದು ಹೆಚ್ಚು. 0.3ರಿಂದ 0.4 ಮೊದಲ ಗನ್ನಿಗೆ ಸರಿಯಾದ ಅಳತೆ. ಪ್ರೈಮರ್, ವಾರ್ನಿಶ್, ಮೆಟಾಲಿಕ್ ಹೆಚ್ಚು ಹೊಡೆಯುವವರು 0.5ಕ್ಕೂ ಹೋಗಬಹುದು.

ಇನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯದ, ಆದರೆ ಗನ್ನಿನ ಆಯುಸ್ಸು ನಿರ್ಧರಿಸುವ ಸಂಗತಿ: ನಾಜಲ್ ದೇಹಕ್ಕೆ ಹೇಗೆ ಕೂರುತ್ತದೆ ಎಂಬುದು. ಅಗ್ಗದ ಗನ್ನುಗಳಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಿರುವ ಹಿತ್ತಾಳೆಯ ನಾಜಲಿಗೆ ಕೂದಲೆಳೆಯಂಥ ಮರೆ (ತಿರುಪಿನ ಸುರುಳಿಗೆರೆ, ಥ್ರೆಡ್) ಇರುತ್ತದೆ, ಪುಟ್ಟ ಸ್ಪ್ಯಾನರಿನಿಂದ ತಿರುಗಿಸಿ ಕೂರಿಸಬೇಕು. ತಡೆ ಸಿಕ್ಕ ಮೇಲೆ ಇನ್ನೊಂದು ಎಳೆಯಷ್ಟು ತಿರುಗಿಸಿದರೆ ಸಾಕು. 'ಗಟ್ಟಿಯಾಗಿರಲಿ' ಎಂದು ಬಿಗಿದರೆ ಕುತ್ತಿಗೆ ಮುರಿದು ಮರೆಯ ತುಂಡು ದೇಹದೊಳಗೇ ಉಳಿಯುತ್ತದೆ. ಅದನ್ನು ತೆಗೆಯುವ ಹೊತ್ತಿಗೆ ಗನ್ನಿನ ಆಸೆ ಬಿಟ್ಟಿರುತ್ತೀರಿ. ಒಳ್ಳೆಯ ಗನ್ನುಗಳಲ್ಲಿ ಮರೆಯೇ ಇಲ್ಲದ, ಸುಮ್ಮನೆ ಇಟ್ಟು ಮೇಲಿನಿಂದ ಕ್ಯಾಪ್ ತಿರುಗಿಸಿದರೆ ತಾನೇ ನಡುಮಧ್ಯಕ್ಕೆ ಕೂರುವ ನಾಜಲ್ ಇರುತ್ತದೆ. ವಾರಕ್ಕೆರಡು ಸಲ ಬಿಚ್ಚಿ ತೊಳೆಯಬೇಕಾದ ಹೊಸಬರಿಗೆ ಈ ಒಂದು ಗುಣಕ್ಕಾಗಿಯೇ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ಸೀಲುಗಳನ್ನೂ ಕೇಳಿ ತಿಳಿದುಕೊಳ್ಳಿ. ಸೂಜಿಯ ಸುತ್ತ ಟೆಫ್ಲಾನ್ ಇದ್ದರೆ ಲ್ಯಾಕರ್ ಥಿನ್ನರ್ (ಲ್ಯಾಕರ್ ಬಣ್ಣ ತೆಳುಮಾಡುವ ಕಟುವಾದ ದ್ರಾವಕ) ತಾಳುತ್ತದೆ. ಸಾದಾ ರಬ್ಬರ್ ಆದರೆ ಥಿನ್ನರಿಗೆ ಉಬ್ಬಿ ಸೂಜಿಯನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಟ್ರಿಗರ್ ಬಿಟ್ಟರೂ ವಾಪಸು ಬರುವುದಿಲ್ಲ.

ಕೆಲವು ಗನ್ನುಗಳ ಬಗ್ಗೆ

ಇವಾಟಾ ಎಕ್ಲಿಪ್ಸ್ ಎಚ್‌ಪಿ-ಸಿಎಸ್: 0.35 ಮಿ.ಮೀ., ಗ್ರಾವಿಟಿ, ಸುಮ್ಮನೆ ಇಟ್ಟರೆ ಕೂರುವ ನಾಜಲ್. ಕಪ್ ಸುಮಾರು 9 ಮಿ.ಲೀ. ಪ್ರೈಮರಿನಿಂದ ಸಣ್ಣ ಗೆರೆಯವರೆಗೆ ಒಂದೇ ಗನ್ನಿನಲ್ಲಿ ಮುಗಿಸಬೇಕೆನ್ನುವವರಿಗೆ ಇದಕ್ಕಿಂತ ನೆಮ್ಮದಿಯ ಆಯ್ಕೆ ಕಡಿಮೆ. ದುಡ್ಡು ಹೊಂದುವುದಾದರೆ ಮೊದಲ ಗನ್ನೂ ಇದೇ, ಬಹಳ ಕಾಲ ಕೊನೆಯ ಗನ್ನೂ ಇದೇ.

ಅದೇ ಮನೆಯ ನಿಯೋ ಸಿಎನ್ ಅಗ್ಗದ ತಮ್ಮ. ಇದರದ್ದೂ 0.35, ಬಣ್ಣ ಬರುವ ರೀತಿ ಚೆನ್ನಾಗಿದೆ. ಆದರೆ ನಾಜಲ್ ಮರೆ ಇರುವಂಥದು. ಮೇಲೆ ಹೇಳಿದ ಸ್ಪ್ಯಾನರ್ ಶಿಸ್ತು ಇರುವವರು ಧೈರ್ಯವಾಗಿ ಕೊಳ್ಳಬಹುದು.

ಜರ್ಮನಿಯ ಹಾರ್ಡರ್ ಅಂಡ್ ಸ್ಟೀನ್‌ಬೆಕ್‌ನ ಎವಲ್ಯೂಷನ್ 'ಟೂ ಇನ್ ಒನ್' ಪೆಟ್ಟಿಗೆಯಲ್ಲಿ 0.2 ಮತ್ತು 0.4ರ ಸೂಜಿ-ನಾಜಲ್ ಜೋಡಿ, 2 ಮತ್ತು 5 ಮಿ.ಲೀ. ಕಪ್ ಎರಡೂ ಬರುತ್ತವೆ. ಬಿಚ್ಚಲು ಯಾವ ಉಪಕರಣವೂ ಬೇಡ, ಬೆರಳೇ ಸಾಕು. ತೊಳೆಯುವುದಕ್ಕೆ ಸೋಮಾರಿತನ ಇರುವವರಿಗೆ (ಯಾರಿಗಿಲ್ಲ?) ಇದು ಹೇಳಿ ಮಾಡಿಸಿದ್ದು. 0.4ರಲ್ಲೇ ಶುರುಮಾಡಿ, 0.2ರ ಜೋಡಿ ಪೆಟ್ಟಿಗೆಯಲ್ಲೇ ಇರಲಿ.

ಬ್ಯಾಡ್ಜರ್ ಪೇಟ್ರಿಯಟ್ 105ರ ನಾಜಲ್ 0.5, ಗಾತ್ರದಲ್ಲೂ ದೊಡ್ಡದು, ಕೈಜಾರಿದರೂ ಹುಡುಕಿದರೆ ಸಿಗುತ್ತದೆ. ಕೊಂಚ ದಪ್ಪ ಬಣ್ಣವನ್ನೂ ಸಹಿಸುವ ಈ ಗನ್ನು ಬೊಂಬೆಗಳಿಗೆ ಪ್ರೈಮರ್, ಬೇಸ್ ಕೋಟ್ ಹೊಡೆಯುವವರಿಗೆ ಒಳ್ಳೆಯ ಸಂಗಾತಿ. ಒಂದು ಎಚ್ಚರಿಕೆ: ಹೆಚ್ಚಿನ ಏರ್‌ಬ್ರಶ್ ಪೈಪುಗಳ ತುದಿ 1/8 ಬಿಎಸ್‌ಪಿ ಎಂಬ ಮರೆಯ ಅಳತೆಯದು, ಬ್ಯಾಡ್ಜರ್‌ನ ಮರೆ ಅದಕ್ಕೆ ಹೊಂದುವುದಿಲ್ಲ. ಅಡಾಪ್ಟರ್ ಜೊತೆಗೇ ಆರ್ಡರ್ ಮಾಡದಿದ್ದರೆ ಗನ್ನು ಬಂದ ದಿನ ಬರೀ ನೋಡುತ್ತಾ ಕೂರಬೇಕು. ಪಾಶೆಯ ಗನ್ನುಗಳಿಗೂ ಇದೇ ಮಾತು.

ಪಾಶೆ ಎಚ್ ಹಳೆಯ ಕಾಲದ ಸರಳ ಯಂತ್ರ: ಸಿಂಗಲ್ ಆಕ್ಷನ್, ಸೈಫನ್, ಬಣ್ಣ ಬೆರೆಯುವುದು ಹೊರಗೆ. ಕೆಡಿಸುವುದೇ ಕಷ್ಟ, ತೊಳೆಯಲು ಒಂದು ನಿಮಿಷ. ಸಣ್ಣ ಗೆರೆ, ನೆರಳಿನ ಕೆಲಸ ಬೇಡವೆನ್ನುವವರಿಗೆ, ಬರೀ ಕೋಟ್ ಹೊಡೆಯುವವರಿಗೆ ಈಗಲೂ ತಕ್ಕದ್ದೇ.

ಇನ್ನು ಕಂಪ್ರೆಸರ್ ಜೊತೆಗೆ ಬಿಟ್ಟಿಯಂತೆ ಬರುವ ಹೆಸರಿಲ್ಲದ 0.3ರ ಗನ್ನು. ಕೆಲವು ಚೆನ್ನಾಗಿಯೇ ಹೊಡೆಯುತ್ತವೆ, ಕೆಲವದರಲ್ಲಿ ನಾಜಲಿನ ತೂತು ನಡುವಿನಲ್ಲೇ ಇರುವುದಿಲ್ಲ. ಬಿಚ್ಚುವುದು, ಜೋಡಿಸುವುದು ಕಲಿಯಲು ಇಟ್ಟುಕೊಳ್ಳಿ. ಆದರೆ ಮೂರು ಗನ್ನು, ಹತ್ತು ಬಾಟಲಿ, ಎರಡು ಸ್ಟೆನ್ಸಿಲ್ ಸೇರಿಸಿದ 'ಮಹಾ ಕಿಟ್' ಬೇಡ. ಅದರ ಬಿಡಿಭಾಗ ಎಲ್ಲೂ ಸಿಗುವುದಿಲ್ಲ, ಸೂಜಿ ಬಾಗಿದ ದಿನ ಗನ್ನೂ ಹೋಯಿತು. ಯಾವ ಗನ್ನು ಕೊಳ್ಳುವ ಮುಂಚೆಯೂ ಅದರ ನಾಜಲ್ ಮತ್ತು ಸೂಜಿ ಬಿಡಿಯಾಗಿ ಸಿಗುತ್ತದೆಯೇ ಎಂದು ಹುಡುಕಿ ನೋಡಿ.

ಬಣ್ಣ ತೆಳುಮಾಡುವುದು

ಕೆನೆ ತೆಗೆದ ಹಾಲಿನಷ್ಟು ತೆಳು ಎಂಬುದು ಹಳೆಯ ಅಳತೆ, ಈಗಲೂ ಸರಿ. ಕಪ್ಪಿನ ಒಳಗೋಡೆಗೆ ಬ್ರಶ್ಶಿನಿಂದ ಹಚ್ಚಿದರೆ ಬಣ್ಣ ಸಲೀಸಾಗಿ ಜಾರಿ ಇಳಿಯಬೇಕು, ಹಿಂದೆ ತೆಳುವಾದ ಪರದೆ ಉಳಿಯಬೇಕು. ಪರದೆಯೇ ಉಳಿಯದಿದ್ದರೆ ನೀರಾಯಿತು, ಅಂಟಿಕೊಂಡು ನಿಂತರೆ ದಪ್ಪವಾಯಿತು. ಟಮಿಯಾ ಅಕ್ರಿಲಿಕ್‌ಗೆ ಒಂದು ಪಾಲು ಬಣ್ಣಕ್ಕೆ ಒಂದರಿಂದ ಎರಡು ಪಾಲು ಅದರದೇ ಥಿನ್ನರ್. ಲ್ಯಾಕರ್ ಬಣ್ಣಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ವಲ್ಲೆಹೊ ಮಾಡೆಲ್ ಏರ್‌ನಂಥವು ಗನ್ನಿಗೆಂದೇ ತೆಳುಮಾಡಿ ಬರುತ್ತವೆ, ಆದರೂ ಹತ್ತು ಹನಿಗೆ ಒಂದು ಹನಿ ಫ್ಲೋ ಇಂಪ್ರೂವರ್ ಹಾಕಿದರೆ ಸೂಜಿತುದಿಯಲ್ಲಿ ಒಣಗುವುದು ತಗ್ಗುತ್ತದೆ. ವಲ್ಲೆಹೊನಂಥ ನೀರು ಆಧಾರಿತ ಅಕ್ರಿಲಿಕ್‌ಗೆ ಲ್ಯಾಕರ್ ಥಿನ್ನರ್ ಹಾಕುವ ಪ್ರಯೋಗ ಬೇಡ. ಕಪ್ಪಿನಲ್ಲೇ ಮೊಸರಿನಂತೆ ಒಡೆದು ರಬ್ಬರಿನ ಗಂಟಾಗುತ್ತದೆ, ಆ ಗಂಟು ಹೋಗಿ ಕೂರುವುದು ನಾಜಲಿನಲ್ಲಿ.

ಪ್ರೈಮರ್ ಮತ್ತು ಬೇಸ್ ಕೋಟಿಗೆ 5ರಿಂದ 10 ಸೆಂ.ಮೀ. ದೂರ, ಗೆರೆಗೆ 1ರಿಂದ 2. ಗೆರೆ ಎಳೆಯಲು ಹತ್ತಿರ ಬಂದಷ್ಟೂ ಒತ್ತಡ ಇಳಿಸಬೇಕು, ಬಣ್ಣ ಇನ್ನೂ ತೆಳು ಮಾಡಬೇಕು. ಮೊದಲ ಕೋಟಿನಲ್ಲೇ ಮುಚ್ಚಿಬಿಡುವ ಆತುರ ಬೇಡ, ಮೂರು ತೆಳು ಕೋಟ್ ಹೊಡೆಯಿರಿ. ಟ್ರಿಗರಿನ ಕ್ರಮ ಸದಾ ಒಂದೇ: ಮೊದಲು ಗಾಳಿ, ಆಮೇಲೆ ಬಣ್ಣ, ನಿಲ್ಲಿಸುವಾಗ ಮೊದಲು ಬಣ್ಣ ಮುಚ್ಚಿ, ಆಮೇಲೆ ಗಾಳಿ ಬಿಡಿ. ಇದು ತಪ್ಪಿದರೆ ಸೂಜಿತುದಿಯಲ್ಲಿ ಹನಿ ನಿಂತು, ಮುಂದಿನ ಸಲ ಒತ್ತಿದಾಗ ಅದು ಚಿಮ್ಮಿ ಮಾಡೆಲಿನ ಮೇಲೆ ಬೀಳುತ್ತದೆ.

ಏನು ಕೆಡುತ್ತದೆ, ಯಾಕೆ

ಕಪ್ಪಿನಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಳಿ ದಾರಿ ತಪ್ಪಿ ಬಣ್ಣದ ಕಡೆಗೆ ನುಗ್ಗುತ್ತಿದೆ ಎಂದರ್ಥ. ನಾಜಲ್ ಸಡಿಲ, ಕ್ಯಾಪ್ ಸಡಿಲ, ಇಲ್ಲವೇ ನಾಜಲಿನ ಬಾಯಿ ಕಟ್ಟಿದೆ. ಈ ಅನುಕ್ರಮದಲ್ಲೇ ನೋಡಿ. ಮೂರೂ ಸರಿಯಿದ್ದರೆ ನಾಜಲ್ ಸೀಳಿರಬಹುದು, ಭೂತಗನ್ನಡಿಯಲ್ಲಿ ಬಾಯಿ ಪರೀಕ್ಷಿಸಿ. ಸೂಜಿಯನ್ನು ಜೋರಾಗಿ ಮುಂದಕ್ಕೆ ತಳ್ಳಿದವರಿಗೆ ಹೀಗಾಗುತ್ತದೆ. ಮೇಲ್ಮೈಯಲ್ಲಿ ಜೇಡರ ಕಾಲಿನಂತೆ ಬಣ್ಣ ಹರಿದರೆ ಬಣ್ಣ ತೀರ ತೆಳು, ಒತ್ತಡ ಹೆಚ್ಚು ಅಥವಾ ತೀರ ಹತ್ತಿರ. ಮುಟ್ಟಿದರೆ ಮರಳಿನಂತೆ ತರಿತರಿಯಾಗಿದ್ದರೆ ಹನಿ ದಾರಿಯಲ್ಲೇ ಒಣಗಿದೆ: ಹತ್ತಿರ ಹೋಗಿ, ಒತ್ತಡ ಇಳಿಸಿ, ಬಣ್ಣ ಆರುವುದನ್ನು ನಿಧಾನಿಸುವ ರಿಟಾರ್ಡರ್ ಒಂದು ಹನಿ ಹಾಕಿ. ಕಿತ್ತಳೆ ಸಿಪ್ಪೆಯಂಥ ಮೈ ಬಂದರೆ ಬಣ್ಣ ದಪ್ಪ, ಹರಡಿಕೊಳ್ಳಲು ಪುರಸೊತ್ತೇ ಸಿಕ್ಕಿಲ್ಲ. ಅಲ್ಲಲ್ಲಿ ಬಣ್ಣ ದುಂಡಗೆ ಹಿಂದೆ ಸರಿದು ಕಣ್ಣಿನಂಥ ಗುಳಿ ಬಿಟ್ಟರೆ ಕೆಳಗೆ ಎಣ್ಣೆ ಅಥವಾ ಸಿಲಿಕೋನ್ ಇದೆ, ಮೇಲೆ ಎಷ್ಟು ಕೋಟ್ ಹೊಡೆದರೂ ಮುಚ್ಚುವುದಿಲ್ಲ. ತೆಗೆದು ಸೋಪುನೀರಲ್ಲಿ ತೊಳೆದು ಮತ್ತೆ ಶುರು. ಲ್ಯಾಕರ್ ಹೊಡೆದಾಗ ಹಾಲಿನಂತೆ ಬೆಳ್ಳಗೆ ಮಬ್ಬಾದರೆ ಅದು ಹವೆಯ ತೇವ, ಒಣ ದಿನದವರೆಗೆ ಕಾಯಿರಿ.

ಗೆರೆ ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಸೂಜಿತುದಿ ಬಾಗಿದೆ. ಬರಿಗಣ್ಣಿಗೆ ಕಾಣದಿದ್ದರೂ, ಸೂಜಿಯನ್ನು ಹಿಂದಕ್ಕೆ ಎಳೆಯುತ್ತಾ ತುದಿಯನ್ನು ಉಗುರಿನ ಮೇಲೆ ಉರುಳಿಸಿದರೆ ಕೊಕ್ಕೆ ತಗುಲುತ್ತದೆ. ಸಣ್ಣ ಬಾಗನ್ನು ಗಾಜಿನ ಮೇಲಿಟ್ಟು ಉರುಳಿಸಿ ನೇರ ಮಾಡಬಹುದು, ಅದು ತಾತ್ಕಾಲಿಕ. ಬದಲಿ ಸೂಜಿ ಒಂದು ಮೊದಲೇ ತಂದಿಟ್ಟುಕೊಳ್ಳಿ.

ತೊಳೆಯುವುದು

ಬಣ್ಣ ಬದಲಿಸುವಾಗ ಕಪ್ ಚೆಲ್ಲಿ, ಟಿಶ್ಯೂನಲ್ಲಿ ಒರೆಸಿ, ಅರ್ಧ ಕಪ್ ಕ್ಲೀನರ್ ಹಾಕಿ ಹೊಡೆದು ಖಾಲಿ ಮಾಡಿ. ಅರ್ಧ ನಿಮಿಷದ ಕೆಲಸ. ಗನ್ನಿನ ಮುಂಬಾಯಿಗೆ ಬಟ್ಟೆ ಒತ್ತಿ ಕಡಿಮೆ ಒತ್ತಡದಲ್ಲಿ ಟ್ರಿಗರ್ ಎಳೆದರೆ ಗಾಳಿ ಹಿಂದಕ್ಕೆ ಬಂದು ಕಪ್ಪಿನಲ್ಲಿ ಗುಳ್ಳೆಯಾಗಿ, ಮೂಲೆಯ ಬಣ್ಣವನ್ನು ಎಬ್ಬಿಸುತ್ತದೆ. ದಿನದ ಕೊನೆಗೆ ಸೂಜಿ ಹೊರತೆಗೆದು ಹಿಂದಿನಿಂದ ತುದಿಯ ಕಡೆಗೆ ಒರೆಸಿ, ತುದಿಯಿಂದ ಹಿಂದಕ್ಕೆ ಒರೆಸಿದರೆ ಬೆರಳಿಗೂ ಕುತ್ತು, ಸೂಜಿಗೂ ಕುತ್ತು. ನಾಜಲಿನೊಳಗೆ ಪಿನ್ನು, ಹಲ್ಲುಕಡ್ಡಿ, ತಂತಿ ತುರುಕಬೇಡಿ, ತೂತಿನ ಆಕಾರ ಕೆಟ್ಟರೆ ಮತ್ತೆ ಸರಿಯಾಗುವುದಿಲ್ಲ. ಥಿನ್ನರಿನಲ್ಲಿ ಹತ್ತು ನಿಮಿಷ ನೆನೆಸಿ ಮೆತ್ತನೆಯ ಪುಟ್ಟ ಬ್ರಶ್ಶು ಆಡಿಸಿದರೆ ಸಾಕು. ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸುವುದೂ ಬೇಡ, ಒಳಗಿನ ಸೀಲುಗಳು ಹೋಗುತ್ತವೆ. ಸೂಜಿಗೆ ಏರ್‌ಬ್ರಶ್ ಲ್ಯೂಬ್ ಒಂದು ಹನಿ ಸವರಿ ಜೋಡಿಸಿ. ಹೊಲಿಗೆ ಯಂತ್ರದ ಎಣ್ಣೆ ಸವರಿದರೆ ಬಣ್ಣದಲ್ಲಿ ಮೇಲೆ ಹೇಳಿದ ಗುಳಿಗಳು ಶುರುವಾಗಬಹುದು.

ಮೂಗು, ಗಾಳಿ, ಬೆಂಕಿ

ಮಾಸ್ಕಿನ ದುಡ್ಡನ್ನು ಕಂಪ್ರೆಸರಿನ ದುಡ್ಡಿನೊಳಗೇ ಸೇರಿಸಿ ಲೆಕ್ಕ ಹಾಕಿ. ಎನ್95 ತಡೆಯುವುದು ಕಣಗಳನ್ನು ಮಾತ್ರ, ಥಿನ್ನರಿನ ಆವಿ ಅದರೊಳಗಿಂದ ಸಲೀಸಾಗಿ ಬರುತ್ತದೆ. ಲ್ಯಾಕರ್, ಎನಾಮೆಲ್ ಹೊಡೆಯುವವರಿಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಥಿನ್ನರಿನ ಆವಿ ಹೀರುವ ಡಬ್ಬಿ) ಮತ್ತು ಕಣದ ಫಿಲ್ಟರ್ ಎರಡೂ ಇರುವ ರಬ್ಬರ್ ಮಾಸ್ಕೇ ಬೇಕು. ಹಾಕಿಕೊಂಡಾಗ ವಾಸನೆ ಬರಲು ಶುರುವಾದರೆ ಕಾರ್ಟ್ರಿಜ್ ಮುಗಿದಿದೆ, ಇಲ್ಲವೇ ಅಂಚಿನಲ್ಲಿ ಸೋರುತ್ತಿದೆ. ಬಳಸದಾಗ ಗಾಳಿಯಾಡದ ಚೀಲದಲ್ಲಿ ಮುಚ್ಚಿಡಿ, ತೆರೆದಿಟ್ಟರೆ ಕಪಾಟಿನಲ್ಲೇ ಸವೆಯುತ್ತದೆ. ವಾಹನಗಳಿಗೆ ಬಳಸುವ, ಹಾರ್ಡ್‌ನರ್ ಬೆರೆಸುವ ಟೂಕೆ ಬಣ್ಣಗಳಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೋಸೈನೇಟ್ ಇರುತ್ತದೆ. ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ವ್ಯವಸ್ಥೆ ಬೇಕು, ಹವ್ಯಾಸಿಯ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ.

ಸ್ಪ್ರೇ ಬೂತ್ (ಬಣ್ಣದ ಮಂಜನ್ನು ಫ್ಯಾನಿನಿಂದ ಎಳೆದುಕೊಳ್ಳುವ ಪೆಟ್ಟಿಗೆ) ಕೊಳ್ಳುವಾಗ ಪೈಪು ಕಿಟಕಿಯ ಆಚೆಗೆ ಹೋಗುತ್ತದೆಯೇ ನೋಡಿ. ಬರೀ ಸ್ಪಂಜು ಫಿಲ್ಟರ್ ಹಾಕಿ ಅದೇ ಗಾಳಿಯನ್ನು ಕೋಣೆಗೆ ವಾಪಸು ಬಿಡುವ ಬೂತು ಬಣ್ಣದ ಧೂಳು ಹಿಡಿಯುತ್ತದೆ, ಆವಿಯನ್ನು ಹಿಡಿಯುವುದಿಲ್ಲ. ಫ್ಯಾನಿನ ಮೋಟಾರಿನಲ್ಲಿ ಕಾರ್ಬನ್ ಬ್ರಶ್ಶಿದ್ದರೆ ಕಿಡಿ ಹಾರುತ್ತದೆ, ಥಿನ್ನರಿನ ಆವಿಯ ದಾರಿಯಲ್ಲಿ ಅದು ಬೇಡವೇ ಬೇಡ. ಬ್ರಶ್‌ಲೆಸ್ ಕೇಳಿ ತನ್ನಿ.

ಪಾರ್ಸೆಲ್ ಬಂದ ದಿನ

ವಾಪಸು ಕೊಡುವ ಗಡುವಿನೊಳಗೆ ಇಷ್ಟು ನೋಡಿಬಿಡಿ. ಕಂಪ್ರೆಸರ್ ಟ್ಯಾಂಕು ಖಾಲಿಯಿಂದ ತುಂಬಲು ಒಂದು ನಿಮಿಷದ ಆಸುಪಾಸು ಸಾಕು. ಮೂರು ನಿಮಿಷ ಕಳೆದರೂ ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ತುಂಬಿ ನಿಂತ ಮೇಲೆ ಗನ್ನು ಮುಟ್ಟದೆ ಹತ್ತು ನಿಮಿಷ ಬಿಡಿ, ಮೋಟಾರು ತಾನಾಗಿ ಮತ್ತೆ ಶುರುವಾಗಬಾರದು. ಶುರುವಾದರೆ ಪ್ರತಿ ಜೋಡಣೆಗೂ ಸೋಪುನೀರು ಸವರಿ ಗುಳ್ಳೆ ಹುಡುಕಿ. ಮರೆಗೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿದರೆ ಹೆಚ್ಚಿನವು ನಿಲ್ಲುತ್ತವೆ, ಗೇಜಿನ ಒಳಗಿನಿಂದಲೇ ಸೋರುತ್ತಿದ್ದರೆ ವಾಪಸು ಕಳಿಸಿ. ಗನ್ನಿಗೆ ಬಣ್ಣ ಹಾಕುವ ಮುನ್ನ ಬರೀ ನೀರು ಹಾಕಿ ಒಣಕಾಗದದ ಮೇಲೆ ಹೊಡೆಯಿರಿ: ಒದ್ದೆಯ ಗುರುತು ದುಂಡಗಿರಬೇಕು, ಟ್ರಿಗರ್ ಪೂರ್ತಿ ಮುಂದಕ್ಕೆ ಬಿಟ್ಟು ಬರೀ ಗಾಳಿ ಬಿಟ್ಟಾಗ ಒಂದು ಹನಿಯೂ ಬರಬಾರದು. ಬಣ್ಣ ಹಾಕಿದ ಮೇಲೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.